ಹಳೇ ಟ್ರ್ಯಾಕ್ಟರ್: ತರೋದಾ, ಬಿಡೋದಾ?

ರೋಹಿಣಿ ಮಳೆ ಹತ್ತಿರ ಬಂತೆಂದರೆ ಹಾವೇರಿ, ದಾವಣಗೆರೆ, ಗದಗ ಕಡೆ ಕಟ್ಟೆ ಮೇಲೆ ಈ ಮಾತು ಏಳುತ್ತದೆ. ಐದಾರು ಎಕರೆ ಹೊಲ. ಎತ್ತು ಮಾರಿ ಎಷ್ಟೋ ವರ್ಷವಾಯಿತು. ಬಾಡಿಗೆ ಟ್ರ್ಯಾಕ್ಟರಿನವನು ‘ನಾಳೆ ಬರ್ತೀನಿ’ ಎನ್ನುತ್ತಾನೆ, ಆ ನಾಳೆ ಬರುವುದೇ ಇಲ್ಲ. ಹೊಸದಕ್ಕೆ ಏಳೆಂಟು ಲಕ್ಷ ಬೇಕು. ಎಂಟತ್ತು ವರ್ಷ ಓಡಿದ ಗಾಡಿ ಮೂರು ಲಕ್ಷದ ಆಸುಪಾಸಿಗೆ ಸಿಗುತ್ತದೆ. ತರಬಹುದೇ? ಎರಡೂ ಕಡೆಯ ವಾದ ಕೆಳಗಿದೆ. ನನ್ನ ಒಲವು ಯಾವ ಕಡೆ ಎಂದು ಕೇಳಿದರೆ, ವಿರೋಧದ ಕಡೆಗೇ ಸ್ವಲ್ಪ ಹೆಚ್ಚು. ಅದು ಎಂಜಿನ್ನಿನ ಭಯದಿಂದಲ್ಲ, ಕಾಗದಪತ್ರದ ಭಯದಿಂದ.

ಪರ

ಹಳೇದು ಎಂದ ಕೂಡಲೇ ಗುಜರಿ ಎಂದುಕೊಳ್ಳುವುದೇ ತಪ್ಪು. ಟ್ರ್ಯಾಕ್ಟರಿನ ವಯಸ್ಸು ವರ್ಷದ ಮೇಲಲ್ಲ, ಓಡಿದ ಗಂಟೆಯ ಮೇಲೆ. ಯಂತ್ರದ ಖರ್ಚು ಲೆಕ್ಕ ಹಾಕುವವರು ಅದಕ್ಕೆ ಸಾಮಾನ್ಯವಾಗಿ 10,000 ಗಂಟೆ ಆಯುಸ್ಸು ಹಿಡಿಯುತ್ತಾರೆ. ತನ್ನ ಹೊಲಕ್ಕೆ, ಅಕ್ಕಪಕ್ಕದ ನಾಲ್ಕು ಹೊಲಕ್ಕೆ ಮಾತ್ರ ಹೂಡುವವನ ಗಾಡಿ ವರ್ಷಕ್ಕೆ 300 ಗಂಟೆ ಓಡಿದರೆ ಅದೇ ಹೆಚ್ಚು. ಹಾಗೆ ಹತ್ತು ವರ್ಷ ಓಡಿದ್ದರೂ ಮುಕ್ಕಾಲುಪಾಲು ಆಯುಸ್ಸು ಉಳಿದೇ ಇರುತ್ತದೆ. ಬೆಲೆ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ.

ಹೊಸದರ ಕಂತು ನೋಡಿ. ಐದೂವರೆ ಲಕ್ಷ ಸಾಲ, ಶೇ 11 ಬಡ್ಡಿ, ಐದು ವರ್ಷ ಎಂದರೆ ಆರು ತಿಂಗಳಿಗೊಮ್ಮೆ ಸುಮಾರು 73,000 ರೂಪಾಯಿ ಕಟ್ಟಬೇಕು. ಮಳೆ ಬರಲಿ, ಹೋಗಲಿ, ಮೆಕ್ಕೆಜೋಳಕ್ಕೆ ರೇಟು ಸಿಗಲಿ, ಬಿಡಲಿ, ಕಂತಿನ ತಾರೀಕು ಮುಂದೆ ಹೋಗುವುದಿಲ್ಲ. ಎರಡು ಕಂತು ತಪ್ಪಿದರೆ ಸೀಜ್ ಮಾಡುವವರು ಮನೆ ಬಾಗಿಲಿಗೆ ಬರುತ್ತಾರೆ. ಕೈಯಲ್ಲಿರುವ ದುಡ್ಡಿಗೆ ಹಳೇದನ್ನು ತಂದವನಿಗೆ ಈ ಕಾಟವಿಲ್ಲ.

ರಿಪೇರಿ ಬರುತ್ತದೆ, ನಿಜ. ಆದರೆ ಮಹೀಂದ್ರ 575, ಮ್ಯಾಸಿ 1035ರಂಥ ಗಾಡಿಗಳನ್ನು ಬಿಚ್ಚಿ ಕೂಡಿಸಲು ಬರದ ಮೇಸ್ತ್ರಿ ಹೋಬಳಿಯಲ್ಲಿ ಇಲ್ಲ. ಫಿಲ್ಟರ್, ಕ್ಲಚ್ ಪ್ಲೇಟ್, ಲೈನರ್-ಪಿಸ್ಟನ್ ಎಲ್ಲವೂ ತಾಲೂಕಿನ ಅಂಗಡಿಯಲ್ಲೇ ಸಿಗುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ‘ಹಳೇ ಗಾಡಿ’ ಎಂದರೆ ಎಲ್ಲ ಕಂಪನಿಯದೂ ಒಂದೇ ಅಲ್ಲ. ಎಚ್‌ಎಂಟಿ ಟ್ರ್ಯಾಕ್ಟರು ಗಟ್ಟಿಮುಟ್ಟಿಗೆ ಹೆಸರಾಗಿತ್ತು. ಆದರೆ ಹರಿಯಾಣದ ಪಿಂಜೋರಿನ ಆ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ತೀರ್ಮಾನಿಸಿತು. ಅಗ್ಗ ಎಂದು ಅದನ್ನು ತಂದರೆ ಪಾರ್ಟು ಹುಡುಕುತ್ತ ಊರೂರು ಅಲೆಯಬೇಕು. ನಿಮ್ಮೂರಲ್ಲಿ ಹತ್ತು ಮನೆಯ ಮುಂದೆ ಯಾವ ಗಾಡಿ ನಿಂತಿದೆಯೋ ಅದನ್ನೇ ತನ್ನಿ.

ಇನ್ನು ಪರೀಕ್ಷೆ. ಮಾರುವವನಿಗೆ ಹೇಳದೆ ಬೆಳಿಗ್ಗೆ ಏಳಕ್ಕೇ ಹೋಗಿ. ಮೊದಲು ಬಾನೆಟ್ಟಿನ ಒಳಗೆ ಕೈಯಿಟ್ಟು ನೋಡಿ. ಎಂಜಿನ್ ಬೆಚ್ಚಗಿದ್ದರೆ ‘ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದೆ ಅಣ್ಣಾ’ ಎಂಬ ಮಾತು ಬರುತ್ತದೆ. ನಗುತ್ತಲೇ ‘ನಾಳೆ ಬರ್ತೀನಿ’ ಎಂದು ಎದ್ದು ಬನ್ನಿ. ತಣ್ಣಗಿದ್ದಾಗ ಒಂದೆರಡು ಸಲ ಸೆಲ್ಫ್ ಹೊಡೆದರೆ ಹತ್ತಿಕೊಳ್ಳಬೇಕು. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂದು ಅರ್ಥ. ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯಿರಿ. ಪುಸುಪುಸು ಎಂದು ಬಿಸಿ ಹೊಗೆ ಕೈಯನ್ನು ತಳ್ಳಿದರೆ ರಿಂಗು-ಲೈನರ್ ಸವೆದಿವೆ, ಬೋರ್ ಕೆಲಸ ಬಾಕಿಯಿದೆ. ರೇಡಿಯೇಟರ್ ನೀರಿನ ಮೇಲೆ ಎಣ್ಣೆ ಪೊರೆ ಕಂಡರೆ ಮುಂದಿನ ಮಾತೇ ಬೇಡ. ಹಿಂದೆ ಕಲ್ಟಿವೇಟರ್ ಕಟ್ಟಿಸಿ ಮೇಲೆತ್ತಿಸಿ, ಎಂಜಿನ್ ಬಂದ್ ಮಾಡಿ, ಟೀ ಕುಡಿದು ಬನ್ನಿ. ಅಷ್ಟರಲ್ಲಿ ಅದು ನೆಲಕ್ಕೆ ಕೂತಿದ್ದರೆ ಹೈಡ್ರಾಲಿಕ್ಕಿನಲ್ಲಿ ಸೋರಿಕೆಯಿದೆ. ಮುಂದಿನ ಗಾಲಿ ನೆಲದಿಂದ ಎತ್ತಿಸಿ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ, ಬೇರಿಂಗು-ಬುಷ್ಷಿನ ಬಂಡವಾಳ ಗೊತ್ತಾಗುತ್ತದೆ. ಹೊಸ ಬಣ್ಣಕ್ಕೆ ಮಾತ್ರ ಮರುಳಾಗಬೇಡಿ. ಬಣ್ಣ ಹೊಡೆದಷ್ಟೂ ಅನುಮಾನ ಹೆಚ್ಚಲಿ.

ಇದೆಲ್ಲಕ್ಕಿಂತ ದೊಡ್ಡ ಪರೀಕ್ಷೆ, ಗಾಡಿ ಹಿಂದೆ ಏನು ದುಡಿದಿತ್ತು ಎಂಬುದು. ಮಸಾರಿ ಹೊಲದಲ್ಲಿ ಕುಂಟೆ ಹೊಡೆದದ್ದು ಬೇರೆ, ಗಂಗಾವತಿ-ಸಿಂಧನೂರು ಕಡೆ ಕೇಜ್ ವೀಲ್ ಹಾಕಿಕೊಂಡು ಗದ್ದೆಯ ಕೆಸರಲ್ಲಿ ಹೊರಳಿದ್ದು ಬೇರೆ. ಕೆಸರುನೀರು ಸೀಲು ದಾಟಿ ಹಬ್ಬಿಗೆ, ಬ್ರೇಕಿಗೆ ಇಳಿದಿರುತ್ತದೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಜನ್ನಿನಲ್ಲಿ ಎರಡೆರಡು ಟ್ರೇಲರ್ ಎಳೆದ ಗಾಡಿಯ ಕ್ಲಚ್ಚು, ಗೇರು ಸುಸ್ತಾಗಿರುತ್ತವೆ. ಮಾಲೀಕ ಇದನ್ನು ಹೇಳುವುದಿಲ್ಲ. ಹಳೇ ಡ್ರೈವರಿಗೊಂದು ಟೀ ಕುಡಿಸಿ, ಎಲ್ಲ ಹೇಳುತ್ತಾನೆ.

ವಿರೋಧ

ಇಷ್ಟೆಲ್ಲ ನೋಡಲು ಬರುವವನು ಮೇಸ್ತ್ರಿಯೇ ಆಗಿರುತ್ತಾನೆ! ರೈತನಿಗೆ ಎಂಜಿನ್ ಸದ್ದು ಗೊತ್ತು, ಗೇರ್ ಬಾಕ್ಸಿನ ಒಳಗಿನದು ಗೊತ್ತಿಲ್ಲ. ಗಂಟೆ ಲೆಕ್ಕದ ಮೇಲೆ ವಾದ ಕಟ್ಟಿದಿರಿ. ಆ ಮೀಟರ್ ಎಷ್ಟು ಹಳೇ ಗಾಡಿಯಲ್ಲಿ ನಡೆಯುತ್ತಿದೆ? ಕೇಬಲ್ ಕಿತ್ತು ಹಾಕಿದರೆ ಅಲ್ಲಿಗೆ ನಿಂತಿತು.

ಹಳೇದು ಸರಳ, ಹೊಸದರಲ್ಲಿ ಸೆನ್ಸರ್ ಕಾಟ ಎಂದು ಕೆಲವರು ಹೇಳುತ್ತಾರೆ. ಆದರೆ ಆ ಸೆನ್ಸರ್ ತಂದಿಟ್ಟ ಹೊಗೆಯ ಕಠಿಣ ನಿಯಮ 2023ರ ಜನವರಿಯಿಂದ ಬಂದದ್ದು 50 ಅಶ್ವಶಕ್ತಿಗಿಂತ ಮೇಲಿನ ಗಾಡಿಗಳಿಗೆ. ಐದಾರು ಎಕರೆಯವನು ನೋಡುವ 35-45ರ ಗಾಡಿಗಳಲ್ಲಿ ಈಗಲೂ ಹಳೇ ಬಗೆಯ ಡೀಸೆಲ್ ಪಂಪೇ ಇರುತ್ತದೆ. ಬೆಲೆಯ ಅಂತರವೂ ಕಡಿಮೆಯಾಗಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದು, ಎಂಟು ಲಕ್ಷದ ಗಾಡಿಗೆ ಐವತ್ತು ಸಾವಿರ ಉಳಿಯುವಂತಾಯಿತು.

ಈಗ ಅಸಲು ಲೆಕ್ಕ. ಆರು ಎಕರೆಗೆ ಎರಡು ಬೆಳೆಗೂ ಸೇರಿ ಕಲ್ಟಿವೇಟರು, ರೋಟವೇಟರು, ಬಿತ್ತನೆ, ಸಾಗಣೆ ಎಲ್ಲ ಕೂಡಿದರೂ ಎಪ್ಪತ್ತು ಗಂಟೆಯ ಕೆಲಸ. ಬಾಡಿಗೆ ಗಂಟೆಗೆ ಸಾವಿರ ಎಂದಿಟ್ಟುಕೊಳ್ಳಿ, ಸ್ವಂತ ಗಾಡಿಯಾದರೆ ಡೀಸೆಲ್ಲಿಗೆ ನಾನೂರು ಹೋಗುತ್ತದೆ. ಗಂಟೆಗೆ ಆರುನೂರರಂತೆ ವರ್ಷಕ್ಕೆ 42,000 ಉಳಿತಾಯ. ಮೂರು ಲಕ್ಷಕ್ಕೆ ಶೇ 14ರ ಬಡ್ಡಿ ಎಷ್ಟು? ಅದೂ 42,000! ಹಳೇ ಗಾಡಿಯ ಸಾಲಕ್ಕೆ ಫೈನಾನ್ಸಿನವರು ಹೊಸದಕ್ಕಿಂತ ಹೆಚ್ಚು ಬಡ್ಡಿಯನ್ನೇ ಹಾಕುತ್ತಾರೆ. ಇನ್ನು ವಿಮೆ, ಟೈರು, ಆಯಿಲ್ಲು ಎಲ್ಲಿಂದ ಬರಬೇಕು? ಕ್ಲಚ್ ಪ್ಲೇಟ್ ಬದಲಿಸಲೂ ಗಾಡಿಯನ್ನು ನಡುವಿಗೆ ಎರಡು ತುಂಡು ಮಾಡಬೇಕು. ಆ ಕೆಲಸ ಹದ ಬಂದ ದಿನವೇ ಬರುತ್ತದೆ.

ಕಾಗದದ ವಿಷಯಕ್ಕೆ ಬಂದರೆ ಮೈ ಜುಮ್ಮೆನ್ನುತ್ತದೆ. ಮೂರು ಕೈ ದಾಟಿದ ಗಾಡಿ, ಆರ್‌ಸಿ ಮಾತ್ರ ಇನ್ನೂ ಮೊದಲನೆಯವನ ಹೆಸರಲ್ಲಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು (ಎಚ್‌ಪಿ) ಕ್ಯಾನ್ಸಲ್ ಆಗಿಲ್ಲ, ಟ್ರೇಲರಿಗೆ ನೋಂದಣಿಯೇ ಇಲ್ಲ. ಐವತ್ತು ರೂಪಾಯಿ ಬಾಂಡಿನ ಮೇಲೆ ಬರೆದುಕೊಟ್ಟ ಕರಾರು ಸಾಲ ಕೊಟ್ಟವನ ಮುಂದೆ ನಿಲ್ಲುವುದಿಲ್ಲ. ಹಳೇ ಬಾಕಿಗೆ ಅವನು ಗಾಡಿ ಎಳೆದುಕೊಂಡು ಹೋದರೆ ನಿಮ್ಮ ಮೂರು ಲಕ್ಷ ಕೇಳಲು ಯಾರನ್ನು ಹುಡುಕುತ್ತೀರಿ? ಹದಿನೈದು ವರ್ಷ ಮುಗಿದ ಗಾಡಿಯಾದರೆ ನೋಂದಣಿ ನವೀಕರಣದ ಓಡಾಟವೂ ನಿಮ್ಮದೇ.

ಇಷ್ಟು ರಗಳೆ ಬದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಹೆಸರು ಬರೆಸಿ. ಸ್ವಂತದ್ದೇ ಬೇಕೆಂದರೆ ಕೃಷಿ ಇಲಾಖೆಯ ಸಹಾಯಧನದ ಪವರ್ ಟಿಲ್ಲರ್, ಮಿನಿ ಟ್ರ್ಯಾಕ್ಟರ್ ಇವೆ. ಆ ಸಹಾಯಧನ ಹಳೇದಕ್ಕೆ ಸಿಗುವುದಿಲ್ಲ.

ಪರದವರ ಮರುಮಾತು

ಯಂತ್ರಧಾರೆಯಲ್ಲಿ ಹೆಸರು ಬರೆಸಬಹುದು, ಮಳೆ ಬಂದ ಮಾರನೇ ದಿನ ಇಡೀ ಹೋಬಳಿಯೇ ಅಲ್ಲಿ ಸಾಲು ನಿಂತಿರುತ್ತದೆ. ನಾಲ್ಕು ದಿನ ತಡವಾದರೆ ಎರೆ ಹೊಲದ ಹದ ಆರಿಹೋಗುತ್ತದೆ. ಆ ನಷ್ಟ ನಿಮ್ಮ 42,000ದ ಲೆಕ್ಕದಲ್ಲಿ ಎಲ್ಲಿದೆ? ಬಡ್ಡಿಯ ಲೆಕ್ಕವನ್ನು ಒಪ್ಪುತ್ತೇವೆ. ಸಾಲ ಮಾಡಿ ಹಳೇದು ತರಬೇಡಿ ಎಂದೇ ನಾವೂ ಹೇಳುವುದು. ಅಣ್ಣತಮ್ಮಂದಿರು, ಪಕ್ಕದ ಹೊಲದವರು ಸೇರಿ ಇಪ್ಪತ್ತು ಎಕರೆ ಕೂಡಿದರೆ ಎಪ್ಪತ್ತು ಗಂಟೆ ಇನ್ನೂರು ದಾಟುತ್ತದೆ, ಆಗ ಲೆಕ್ಕ ತಿರುಗುತ್ತದೆ.

ಕಾಗದಕ್ಕೂ ದಾರಿಯಿದೆ. ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರನ್ನು ಗಾಡಿಯ ಮೇಲಿನದಕ್ಕೆ ತಾಳೆ ನೋಡಿ, ಎಂಪರಿವಾಹನ್ ಆ್ಯಪಿನಲ್ಲಿ ಯಾರ ಹೆಸರು, ಸಾಲ ಇದೆಯೇ ಎಂದು ನೋಡಿ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಹೆಸರು ವರ್ಗಾವಣೆಗೆ ಫಾರ್ಮ್ 29, 30 ಇವಕ್ಕೆ ಸಹಿ ಬಿದ್ದ ಮೇಲೆಯೇ ದೊಡ್ಡ ಮೊತ್ತ ಕೊಡಿ. ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರುವವನು ತಕರಾರು ಮಾಡಿದರೆ 2018ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಸಿ: ಗಾಡಿ ಮಾರಿದ್ದರೂ ಆರ್‌ಸಿ ಯಾರ ಹೆಸರಲ್ಲಿದೆಯೋ ಅಪಘಾತದ ಪರಿಹಾರ ಅವನ ತಲೆಗೇ ಬರುತ್ತದೆ. ಹೆಸರು ಬದಲಾಗುವುದು ಅವನಿಗೂ ಬೇಕಾದದ್ದೇ. ಅಷ್ಟಾದರೂ ‘ಆಮೇಲೆ ಮಾಡಿಸಿಕೊಡ್ತೀನಿ’ ಎಂದರೆ ಅಡ್ವಾನ್ಸ್ ಕೊಡಬೇಡಿ, ಬೇರೆ ಗಾಡಿ ನೋಡಿ.