ಬೀಗದ ಕೈ ಮತ್ತು ಚಾವಡಿ

ಉಡುಪಿಯ ನ್ಯಾಯಾಲಯದ ಅಂಗಳದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಕರಿಯ ಕೋಟಿನ ಮಹಿಳೆಯರು ಅಪರೂಪವೆಂದು ತೋರುವುದಿಲ್ಲ. ಕಾಪುವಿನಿಂದ ಬಸ್ಸಿನಲ್ಲಿ ಬಂದಿಳಿದ ಕಕ್ಷಿಗಾರನು ಜಮೀನಿನ ಕಾಗದಗಳ ಕಟ್ಟನ್ನು ಅವರ ಕೈಗೊಪ್ಪಿಸಿ ನಿಶ್ಚಿಂತನಾಗುತ್ತಾನೆ. ಮಣಿಪಾಲದ ವಿದ್ಯಾಸಂಸ್ಥೆಯವರು 1957ರಲ್ಲಿ ಉಡುಪಿಯಲ್ಲಿ ಕಾನೂನು ಕಾಲೇಜನ್ನು ತೆರೆದ ಮೇಲೆ, ದೂರದ ಪಟ್ಟಣಗಳಿಗೆ ಹೋಗಿ ಓದಲಾರದ ಹೆಣ್ಣುಮಕ್ಕಳಿಗೂ ಈ ವಿದ್ಯೆ ಕೈಗೆಟುಕಿತು. ಹೀಗಿದ್ದೂ ವಕೀಲರ ಸಂಘಗಳ ಆಡಳಿತದಲ್ಲಿ ಅವರಿಗೆ ನಿಶ್ಚಿತವಾದ ಸ್ಥಾನ ದೊರೆಯಲು ಸರ್ವೋಚ್ಚ ನ್ಯಾಯಾಲಯವೇ ನಡುವೆ ಬರಬೇಕಾಯಿತು.

2024ರ ಮೇ ತಿಂಗಳಲ್ಲಿ ಆ ನ್ಯಾಯಾಲಯವು ತನ್ನದೇ ಅಂಗಳದ ವಕೀಲರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮೂರರಲ್ಲೊಂದು ಪಾಲನ್ನು ಮಹಿಳೆಯರಿಗೆ ಮೀಸಲಿರಿಸಿತು. 2025ರ ಜನವರಿಯಲ್ಲಿ ಬೆಂಗಳೂರಿನ ವಕೀಲರ ಸಂಘದ ಖಜಾಂಚಿ ಸ್ಥಾನ ಮಹಿಳೆಗೇ ಸಲ್ಲಬೇಕೆಂದೂ, ಆಡಳಿತ ಮಂಡಳಿಯಲ್ಲಿ ಶೇಕಡಾ 30ರಷ್ಟಾದರೂ ಅವರಿರಬೇಕೆಂದೂ ಹೇಳಿತು. ಮಾರ್ಚ್ ತಿಂಗಳಲ್ಲಿ ಈ ಏರ್ಪಾಡನ್ನು ಕರ್ನಾಟಕದ ಜಿಲ್ಲಾ ಸಂಘಗಳಿಗೂ ವಿಸ್ತರಿಸಿತು. ಹೆಣ್ಣು ವಕೀಲಿ ನಡೆಸಬಾರದೆಂಬ ಅಡ್ಡಿಯನ್ನು ಕಾಯಿದೆ ತೆಗೆದುಹಾಕಿದ್ದು 1923ರಲ್ಲಿ. ನಡುವೆ ಸಂದ ವರ್ಷಗಳು ನೂರಕ್ಕೂ ಹೆಚ್ಚು! ಪರರ ಹಕ್ಕಿಗಾಗಿ ಬೆವರು ಸುರಿಸಿ ವಾದಿಸುವ ವೃತ್ತಿಯವರು ತಮ್ಮ ಮನೆಯ ನಿಯಮಾವಳಿಯನ್ನು ತಾವೇ ತಿದ್ದಿಕೊಳ್ಳಲಿಲ್ಲವಲ್ಲ ಎಂದು ನನಗೆ ಖೇದ.

ಆದೇಶವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಖಜಾಂಚಿಯ ಸ್ಥಾನವೆಂದೊಡನೆ ನಮ್ಮ ಹಳೆಯ ಗುತ್ತಿನ ಮನೆಗಳು ನೆನಪಿಗೆ ಬರುತ್ತವೆ. ಅಳಿಯಸಂತಾನದ ಈ ನಾಡಿನಲ್ಲಿ ಮನೆತನ ಬೆಳೆದದ್ದು ಹೆಣ್ಣಿನ ಸಂತತಿಯಿಂದ. ಹಿರಿತನವಿದ್ದರೆ ಹೆಂಗಸೂ ಯಜಮಾನಿಕೆ ವಹಿಸಬಹುದೆಂಬುದನ್ನು ಕಟ್ಟಳೆ ಒಪ್ಪಿತ್ತು. ತಾಯಿಯ ಕಡೆಯ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು 1949ರ ಮದರಾಸು ಅಳಿಯಸಂತಾನ ಕಾಯಿದೆ ಕೊಟ್ಟಿತು. ಆ ಪಾಲಿನ ದಾವೆಗಳನ್ನು ಉಡುಪಿ, ಕಾರ್ಕಳಗಳ ವಕೀಲರು ತಲೆಮಾರಿನುದ್ದಕ್ಕೂ ನಡೆಸಿದ್ದಾರೆ. ಆದರೂ ಎಷ್ಟೋ ಮನೆಗಳಲ್ಲಿ ಉಗ್ರಾಣದ ಬೀಗದ ಕೈ ಹೆಂಗಸಿನ ಸೊಂಟದಲ್ಲಿ ತೂಗುತ್ತಿದ್ದರೆ, ತೀರ್ಮಾನಗಳು ಚಾವಡಿಯಲ್ಲಿ ಕುಳಿತ ಗಂಡಸರ ಬಾಯಿಂದಲೇ ಹೊರಡುತ್ತಿದ್ದವು. ಸಂಘದಲ್ಲಿಯೂ ಖಜಾಂಚಿ ಚಂದಾ ಎತ್ತಿ ಲೆಕ್ಕ ಬರೆದಿಟ್ಟರಾಯಿತು. ಸಭೆ ಎಂದು, ವಿಷಯವೇನು, ಕಲಾಪ ಬಹಿಷ್ಕಾರ ಬೇಕೇ ಬೇಡವೇ ಎಂಬುದೆಲ್ಲ ಅಧ್ಯಕ್ಷ, ಕಾರ್ಯದರ್ಶಿಗಳ ಪಾಲಿಗೇ ಉಳಿದರೆ ಬದಲಾದುದೇನು? ಅಧ್ಯಕ್ಷತೆ, ಕಾರ್ಯದರ್ಶಿತ್ವಗಳೂ ಸರದಿಯಂತೆ ಮಹಿಳೆಯರಿಗೆ ಬರುವ ಹಾಗೆ ಸರ್ವಸದಸ್ಯರ ಸಭೆಯೇ ನಿಯಮಾವಳಿಯನ್ನು ತಿದ್ದಬೇಕು. ಕಾರ್ಕಳದಂಥ ತಾಲೂಕಿನ ಸಂಘಗಳು ಆದೇಶದಲ್ಲಿ ತಮ್ಮ ಹೆಸರಿದೆಯೇ ಎಂದು ಹುಡುಕುತ್ತ ಕೂರಬೇಕಾಗಿಲ್ಲ. ಶೇಕಡಾ 30 ಎಂಬುದು ಕನಿಷ್ಠದ ಗೆರೆ. ಅದನ್ನೇ ಗರಿಷ್ಠವೆಂದು ಓದುವ ಜಾಣರೂ ಇಲ್ಲದಿಲ್ಲ.

ಯೋಗ್ಯತೆಯಿದ್ದವರು ಚುನಾವಣೆಗೆ ನಿಂತು ಗೆಲ್ಲಲಿ, ಮೀಸಲಾತಿ ಏಕೆ ಎನ್ನುವವರಿದ್ದಾರೆ. ಮಾತು ಕೇಳಲು ಸೊಗಸು. ಆದರೆ ಸಂಘದ ಚುನಾವಣೆಯಲ್ಲಿ ಮತಗಳು ಕೂಡಿಬರುವುದು ವಾದದ ಬಲದಿಂದ ಮಾತ್ರವಲ್ಲ. ಸಂಜೆಯ ಕೂಟಗಳಲ್ಲಿ, ರಾತ್ರಿಯ ಊಟದ ಪಂಕ್ತಿಗಳಲ್ಲಿ. ಅಲ್ಲಿಗೆ ಹೋಗಲಾರದವರ ಯೋಗ್ಯತೆಯನ್ನು ಅಳೆಯುವವರಾರು?

ಕಾರ್ಕಳದ ಕಡೆಯ ಹಿರಿಯ ವಕೀಲೆಯೊಬ್ಬರ ಮುಂದೆ ಮೊನ್ನೆ ಈ ವಿಷಯವೆತ್ತಿದೆ. ಆದೇಶದಿಂದ ಅವರು ಹಿಗ್ಗಿರಲಿಲ್ಲ. “ಯಾರದೋ ದಯೆಯಿಂದ ಕುರ್ಚಿ ಸಿಕ್ಕಿತೆಂದು ನಾಳೆ ಆಡಿಕೊಳ್ಳುತ್ತಾರೆ ಸ್ವಾಮಿ” ಎಂದರು. ಹಾಗಾದರೆ ನಿಲ್ಲುವುದಿಲ್ಲವೇ ಎಂದು ಕೇಳಿದೆ. ಕೈಯಲ್ಲಿದ್ದ ಕಡತವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಿಲ್ಲುತ್ತೇನೆ. ಸಂಘದ ಸಭೆಯನ್ನು ಸಂಜೆಯ ಬದಲು ಮಧ್ಯಾಹ್ನದ ಬಿಡುವಿನಲ್ಲಿ ಕರೆಯಲು ಮೊದಲು ಹೇಳಿ. ಮನೆಗೆ ಹೋಗುವ ಬಸ್ಸು ತಪ್ಪೀತೆಂದು ಅರ್ಧದಲ್ಲೇ ಎದ್ದುಬಂದ ಸಭೆಗಳು ನನಗೆ ಸಾಕಾಗಿವೆ.”