ಮುಖ ಕಾಣದ ರೇಡಿಯೊದಲ್ಲೂ ಆಳಾಗಿಯೇ ಉಳಿದ ರೋಚೆಸ್ಟರ್

1930 ಮತ್ತು 40ರ ದಶಕಗಳನ್ನು ಅಮೆರಿಕದ ರೇಡಿಯೊ ಹಾಸ್ಯದ ಸುವರ್ಣಯುಗವೆಂದು ಕೊಂಡಾಡುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ರೇಡಿಯೊ ಮುಖ ತೋರಿಸುವುದಿಲ್ಲ, ಅದಕ್ಕೆ ಮೈಬಣ್ಣ ಗೊತ್ತಿಲ್ಲ, ಅಲ್ಲಿ ಗೆಲ್ಲುವುದು ಪ್ರತಿಭೆ ಮಾತ್ರ. ಇದಕ್ಕೆ ಸಾಕ್ಷಿಯಾಗಿ ಅವರು ಮುಂದಿಡುವ ಹೆಸರು ಎಡ್ಡಿ ಆಂಡರ್ಸನ್. ಜ್ಯಾಕ್ ಬೆನ್ನಿಯ ಕಾರ್ಯಕ್ರಮದಲ್ಲಿ 'ರೋಚೆಸ್ಟರ್' ಎಂಬ ಮನೆಯಾಳಾಗಿ ಇಡೀ ದೇಶವನ್ನು ನಗಿಸಿದ ಕಪ್ಪು ಕಲಾವಿದ. ಆದರೆ ಈ ಸಾಕ್ಷಿಯನ್ನೇ ಸ್ವಲ್ಪ ಹತ್ತಿರದಿಂದ ವಿಚಾರಿಸಿದರೆ ಅದು ವಾದಿಗಳ ವಿರುದ್ಧವೇ ನುಡಿಯುತ್ತದೆ ಎಂದು ನಾವು ಭಾವಿಸುತ್ತೇವೆ.

ಆಂಡರ್ಸನ್ ಹುಟ್ಟಿದ್ದು 1905ರಲ್ಲಿ, ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ. ತಂದೆ 'ಮಿನ್‌ಸ್ಟ್ರೆಲ್' ಆಟಗಳ ಕಲಾವಿದ, ತಾಯಿ ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುತ್ತಿದ್ದವರು. ಹುಡುಗನಾಗಿದ್ದಾಗ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಗಳಲ್ಲಿ ಪತ್ರಿಕೆ ಮಾರುತ್ತಾ, ಗಂಟಲು ಹರಿಯುವಂತೆ ಕೂಗಿ ಕೂಗಿ ಧ್ವನಿ ಶಾಶ್ವತವಾಗಿ ಒಡೆದುಹೋಯಿತು. ಬೇರೆಯವರಾಗಿದ್ದರೆ ರಂಗವನ್ನೇ ಬಿಡುತ್ತಿದ್ದರೇನೋ. ಜಲ್ಲಿಕಲ್ಲು ಉಜ್ಜಿದಂತಿದ್ದ ಆ ದನಿಯೇ ಮುಂದೆ ಅವರ ಬಂಡವಾಳವಾಯಿತು. 1937ರ ಮಾರ್ಚ್ 28ರ ಪ್ರಸಾರದಲ್ಲಿ ಅವರಿಗೆ ಸಿಕ್ಕಿದ್ದು ರೈಲಿನ ಪೋರ್ಟರನ ಒಂದು ದಿನದ ಪಾತ್ರ. ಕೇಳುಗರು ಅದನ್ನು ಎಷ್ಟು ಮೆಚ್ಚಿದರೆಂದರೆ, ಕೆಲವೇ ತಿಂಗಳಲ್ಲಿ ಅವರನ್ನು ಬೆನ್ನಿಯ ಮನೆಗೆ ಆಳಾಗಿ ತರಲಾಯಿತು. ಆ ಮನೆಯಿಂದ ಅವರು ಹೊರಬರಲೇ ಇಲ್ಲ. ರೇಡಿಯೊದಲ್ಲಿ 1955ರವರೆಗೆ, ಆಮೇಲೆ ಟೆಲಿವಿಷನ್‌ನಲ್ಲಿ 1965ರವರೆಗೆ ಅದೇ ಪಾತ್ರ.

ಪಾತ್ರದಲ್ಲಿ ಹೊಸತನವಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಯಜಮಾನ ಜಿಪುಣ, ಜಂಬಗಾರ, ವಯಸ್ಸು ಮುಚ್ಚಿಡುವವನು. ಆಳು ಎಲ್ಲವನ್ನೂ ಬಲ್ಲವನು, ಬಲ್ಲೆನೆಂದು ಹೇಳಲು ಅಂಜದವನು. ಸಂಬಳ ಸರಿಯಾಗಿ ಬರುವುದಿಲ್ಲ, ಕೆಮ್ಮುತ್ತಾ ಸಾಗುವ ಹಳೆಯ ಮ್ಯಾಕ್ಸ್‌ವೆಲ್ ಕಾರನ್ನು ಓಡಿಸಬೇಕು, ಆದರೆ ಕೊನೆಯ ಮಾತು ಮಾತ್ರ ರೋಚೆಸ್ಟರನದೇ. ನಗು ಆಳಿನ ಮೇಲೆ ಬೀಳದೆ ಯಜಮಾನನ ಮೇಲೆ ಬೀಳುತ್ತಿತ್ತು. ಕಪ್ಪು ಮನುಷ್ಯ ಬಿಳಿಯನಿಗೆ ತಿರುಗಿ ಮಾತಾಡಿದರೆ ಪ್ರಾಣಕ್ಕೆ ಕುತ್ತಾಗಬಹುದಾಗಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. 1945ರ 'ಬ್ರೂಸ್ಟರ್ಸ್ ಮಿಲಿಯನ್ಸ್' ಚಿತ್ರವನ್ನು ಮೆಂಫಿಸ್ ನಗರದ ಸೆನ್ಸಾರ್ ಮಂಡಳಿ ನಿಷೇಧಿಸಿದ್ದು ಇದೇ ಸಿಟ್ಟಿನಿಂದ: ಅದರಲ್ಲಿ ಆಂಡರ್ಸನ್ ಬಿಳಿಯರೊಂದಿಗೆ ತೀರಾ ಸಲುಗೆಯಿಂದ ನಡೆದುಕೊಂಡಿದ್ದರಂತೆ!

ಆದರೆ ರೇಡಿಯೊಗೆ ಬಣ್ಣವಿಲ್ಲ ಎಂಬ ಮಾತಿಗೆ ಬರೋಣ. ಮುಖ ಕಾಣದ ಮಾಧ್ಯಮದಲ್ಲಿ ಕಪ್ಪು ನಟ ವೈದ್ಯನಾಗಬಹುದಿತ್ತು, ನ್ಯಾಯಾಧೀಶನಾಗಬಹುದಿತ್ತು, ಪಕ್ಕದ ಮನೆಯ ಸಾಮಾನ್ಯ ಗೃಹಸ್ಥನಾಗಬಹುದಿತ್ತು. ಕೇಳುಗನಿಗೆ ತಿಳಿಯುತ್ತಲೂ ಇರಲಿಲ್ಲ. ನಡೆದದ್ದು ತದ್ವಿರುದ್ಧ. ಮುಖ ಕಾಣದ ಸೌಲಭ್ಯವನ್ನು ಬಿಳಿಯರು ಬಳಸಿಕೊಂಡರು, ಕಪ್ಪು ಪಾತ್ರಗಳನ್ನೂ ತಾವೇ ಕಸಿದುಕೊಳ್ಳುವುದಕ್ಕೆ. 1928ರಲ್ಲಿ ಶಿಕಾಗೊದಿಂದ ಆರಂಭವಾದ 'ಅಮೋಸ್ ಅಂಡ್ ಆಂಡಿ'ಯ ಇಬ್ಬರು ಕಪ್ಪು ನಾಯಕರಿಗೆ ದನಿ ಕೊಟ್ಟವರು ಫ್ರೀಮನ್ ಗಾಸ್ಡೆನ್ ಮತ್ತು ಚಾರ್ಲ್ಸ್ ಕೊರೆಲ್ ಎಂಬ ಬಿಳಿಯರು. ಅದನ್ನು ನಿಲ್ಲಿಸಬೇಕೆಂದು ಕಪ್ಪು ಜನರ ಪತ್ರಿಕೆ 'ಪಿಟ್ಸ್‌ಬರ್ಗ್ ಕೊರಿಯರ್' 1931ರಲ್ಲಿ ಹತ್ತು ಲಕ್ಷ ಸಹಿ ಕೂಡಿಸಲು ಹೊರಟಿತು. ಕಾರ್ಯಕ್ರಮ ನಿಲ್ಲಲಿಲ್ಲ. ಇದಕ್ಕಿಂತ ವಿಚಿತ್ರ 'ಬ್ಯೂಲಾ'ಳ ಕತೆ. ಈ ಕಪ್ಪು ಮನೆಗೆಲಸದವಳಿಗೆ 1944ರಲ್ಲಿ ದನಿಯಾದವರು ಮಾರ್ಲಿನ್ ಹರ್ಟ್ ಎಂಬ ಬಿಳಿಯ ಗಂಡಸು. ಸ್ಟುಡಿಯೊದ ಸಭಿಕರಿಗೆ ಬೆನ್ನು ತೋರಿಸಿ ನಿಂತಿರುತ್ತಿದ್ದ ಅವರು ತಟ್ಟನೆ ತಿರುಗಿ ಹೆಂಗಸಿನ ದನಿಯಲ್ಲಿ ಮಾತು ತೆಗೆದಾಗ ಸಭೆ ಹೋ ಎಂದು ನಗುತ್ತಿತ್ತು. ಮನೆಯಲ್ಲಿ ಕೂತು ಕೇಳುವವರಿಗೆ ಆ ನಗು ಯಾಕೆಂದೇ ತಿಳಿಯುತ್ತಿರಲಿಲ್ಲ. ಆ ಪಾತ್ರ ಕಪ್ಪು ನಟಿಯೊಬ್ಬರಿಗೆ, ಅದೂ ಆಸ್ಕರ್ ಗೆದ್ದಿದ್ದ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೆ, ಸಿಕ್ಕಿದ್ದು 1947ರಲ್ಲಿ. ಆಗಲೂ ಅದು ಮನೆಗೆಲಸದವಳ ಪಾತ್ರವೇ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ಬೆನ್ನಿಯ ಬಳಗದಲ್ಲಿ ನಗಿಸುವವರು ಹಲವರಿದ್ದರು. ಅವರ ಪೈಕಿ ಹಾಡುಗಾರ ಡೆನ್ನಿಸ್ ಡೇಗೆ 1946ರಲ್ಲಿ ತಮ್ಮದೇ ಹೆಸರಿನ ರೇಡಿಯೊ ಕಾರ್ಯಕ್ರಮ ದೊರೆಯಿತು. ನೂರು ಬಗೆಯ ದನಿ ತೆಗೆಯುತ್ತಿದ್ದ ಮೆಲ್ ಬ್ಲಾಂಕ್‌ಗೂ ಅದೇ ವರ್ಷ ದೊರೆಯಿತು. ವಾದ್ಯವೃಂದದ ನಾಯಕ ಫಿಲ್ ಹ್ಯಾರಿಸ್ ಕೂಡ ಅದೇ ವರ್ಷ ಪತ್ನಿಯೊಂದಿಗೆ ಬೇರೊಂದು ಹಾಸ್ಯ ಕಾರ್ಯಕ್ರಮದ ಮುಖ್ಯ ಪಾತ್ರಧಾರಿಯಾದರು. ಇವರೆಲ್ಲರಷ್ಟೇ, ಒಮ್ಮೊಮ್ಮೆ ಬೆನ್ನಿಯಷ್ಟೇ ಜನಪ್ರಿಯರಾಗಿದ್ದ ಆಂಡರ್ಸನ್‌ಗೆ ಯಾವ ಜಾಲವೂ ವಾರವಾರದ ಸ್ವಂತ ಕಾರ್ಯಕ್ರಮವನ್ನು ಕೊಡಲಿಲ್ಲ. ಪ್ರತಿಭೆಯೇ ಅಳತೆಗೋಲಾಗಿದ್ದರೆ ಇದಕ್ಕೆ ಏನು ಉತ್ತರ? ಹಳೆಯ ರೇಡಿಯೊದ ಅಭಿಮಾನಿಗಳು ಈ ಪ್ರಶ್ನೆಯನ್ನು ಕೇಳಿಕೊಂಡದ್ದು ನಮಗೆ ಕಾಣಲಿಲ್ಲ. ಜಾಹೀರಾತುದಾರರಿಗೆ ದಕ್ಷಿಣದ ಬಿಳಿಯ ಗಿರಾಕಿಗಳ ಭಯವಿತ್ತು ಎಂದು ಸಮಜಾಯಿಷಿ ಕೊಡಬಹುದು. ಇರಲಿ. ಹಾಗಾದರೆ ರೇಡಿಯೊಗೆ ಬಣ್ಣ ಗೊತ್ತಿತ್ತು ಎಂದಾಯಿತಲ್ಲ!

ಬೆನ್ನಿಯನ್ನು ಖಳನಾಯಕನಾಗಿ ನಿಲ್ಲಿಸುವ ಉದ್ದೇಶ ನಮಗಿಲ್ಲ. ಮೊದಲ ವರ್ಷಗಳಲ್ಲಿ ರೋಚೆಸ್ಟರನ ಸುತ್ತ ಜಿನ್ ಕುಡಿತ, ಪಗಡೆಯ ಜೂಜು, ಸೋಮಾರಿತನದ ಸವಕಲು ತಮಾಷೆಗಳಿದ್ದವು. ಯಹೂದಿಯಾಗಿದ್ದ ಬೆನ್ನಿ, ಯುರೋಪಿನಲ್ಲಿ ತನ್ನ ಜನರಿಗೆ ಏನಾಯಿತೆಂದು ತಿಳಿದ ಮೇಲೆ ಅಂಥವನ್ನು ತೆಗೆಸಿದರೆಂದು ಹೇಳುತ್ತಾರೆ. ಆದರೂ 1950ರ ಆರಂಭದಲ್ಲಿ 1941ರ ಹಳೆಯ ಬರಹವೊಂದನ್ನೇ ಮತ್ತೆ ಪ್ರಸಾರ ಮಾಡಿದಾಗ ಕೇಳುಗರಿಂದ ಪ್ರತಿಭಟನೆ ಬಂತು. ಒಂಬತ್ತು ವರ್ಷಗಳ ಹಿಂದೆ ಯಾರಿಗೂ ಚುಚ್ಚದಿದ್ದ ಮಾತು ಆಗ ಚುಚ್ಚಿತು ಎಂದಲ್ಲ. ಚುಚ್ಚಿಸಿಕೊಂಡವರ ದನಿ ಸ್ಟುಡಿಯೊವರೆಗೆ ತಲುಪಲು ಅಷ್ಟು ವರ್ಷ ಬೇಕಾಯಿತು.

ಇನ್ನು ಮತ್ತೊಂದು ಗುಂಪಿನವರು ಆಂಡರ್ಸನ್‌ರನ್ನೇ ದೂರುತ್ತಾರೆ: ಬಿಳಿಯರ ಹೊಟ್ಟೆ ತಣಿಸಲು ತನ್ನ ಜನರ ಮಾನ ಮಾರಿದ ಎಂದು. ಈ ಮಾತನ್ನು ನಾವು ಖಡಾಖಂಡಿತವಾಗಿ ತಿರಸ್ಕರಿಸುತ್ತೇವೆ. 1943ರ 'ಕ್ಯಾಬಿನ್ ಇನ್ ದ ಸ್ಕೈ' ಚಿತ್ರದಲ್ಲಿ ನಾಯಕನ ಪಾತ್ರ ಸಿಕ್ಕಾಗ, ಎತೆಲ್ ವಾಟರ್ಸ್‌ರಂಥ ದೊಡ್ಡ ಕಲಾವಿದೆಯ ಜೊತೆಯಲ್ಲಿ ಅವರು ಏನು ಮಾಡಬಲ್ಲರೆಂದು ತೋರಿಸಿದರು. ದುಡಿದ ಹಣವನ್ನು ಯುದ್ಧಕಾಲದಲ್ಲಿ ಸ್ಯಾನ್ ಡಿಯಾಗೊದಲ್ಲಿ ಕಪ್ಪು ಉದ್ಯಮಿಯೊಬ್ಬರು ನಡೆಸುತ್ತಿದ್ದ ಪ್ಯಾರಾಚೂಟ್ ಕಾರ್ಖಾನೆಯಲ್ಲಿ ತೊಡಗಿಸಿದರು. ಅದೇ 1943ರಲ್ಲಿ ಶ್ರೀಮಂತ ಬಿಳಿಯರ ಕೋಟೆಯಾಗಿದ್ದ ಕೆಂಟಕಿ ಡರ್ಬಿಯಲ್ಲಿ ತಮ್ಮ ಕುದುರೆಯನ್ನು ಓಡಿಸಿದರು. ಕುದುರೆ ಕೊನೆಯದಾಗಿ ಬಂತು, ಅದು ಬೇರೆ ವಿಷಯ. ಅದರ ಹೆಸರು ಮಾತ್ರ 'ಬರ್ನ್ಟ್ ಕಾರ್ಕ್', ಅಂದರೆ ಸುಟ್ಟ ಕಾರ್ಕು. ಮಿನ್‌ಸ್ಟ್ರೆಲ್ ಆಟಗಳಲ್ಲಿ ಕಪ್ಪು ಜನರನ್ನು ಅಣಕಿಸಲು ಬಿಳಿಯ ನಟರು ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಮಸಿ ಅದೇ. ಇಂಥ ಹೆಸರನ್ನು ಹೊತ್ತ ಕುದುರೆಯನ್ನು ಆ ಮೈದಾನಕ್ಕೆ ಇಳಿಸಿದ ಮನುಷ್ಯನಿಗೆ ತನ್ನ ಸ್ಥಿತಿಯ ಅರಿವಿರಲಿಲ್ಲವೆಂದು ಯಾರು ಹೇಳುತ್ತಾರೆ? ಬಾಗಿಲು ಒಂದೇ ತೆರೆದಿದ್ದಾಗ ಅದರೊಳಗೆ ನುಗ್ಗಿದವನನ್ನು ಬೈದು, ಉಳಿದ ಬಾಗಿಲುಗಳಿಗೆ ಅಗಳಿ ಹಾಕಿದವರನ್ನು ಬಿಡುವುದು ಯಾವ ನ್ಯಾಯ?

ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗ, ವಚನ ಎಲ್ಲ ತಪ್ಪಿದ ಹರಕುಮುರುಕು ಕನ್ನಡವಾಡುವ 'ಸಾಬಿ' ನಮ್ಮ ನಾಟಕ, ಸಿನಿಮಾಗಳಿಗೆ ಹೊಸಬನಲ್ಲ. ನಿಸಾರ್ ಅಹಮದ್, ಸಾರಾ ಅಬೂಬಕ್ಕರ್, ಬೊಳುವಾರು ಬರೆದ ಕನ್ನಡ ಕಣ್ಣೆದುರಿಗಿದ್ದರೂ ಅವನ ನಾಲಿಗೆ ತಿದ್ದಿಕೊಳ್ಳಲಿಲ್ಲ. ಬರೀ ತಮಾಷೆ ಅಲ್ಲವೇ ಎನ್ನುವವರಿಗೆ ನಮ್ಮ ಪ್ರಶ್ನೆ ಇಷ್ಟೇ. ತಮಾಷೆ ಇರಲಿ, ಆದರೆ ಆ ನಟನಿಗೆ ಮುಂದಿನ ವಾರ ಬೇರೆ ಪಾತ್ರ ಇದೆಯೇ?

ಆಂಡರ್ಸನ್ 1977ರ ಫೆಬ್ರವರಿ 28ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಕುಡಿತ, ಮಾದಕ ದ್ರವ್ಯಗಳಿಂದ ಬಿಡಿಸಿಕೊಳ್ಳಲು ಹೆಣಗುವವರಿಗೆ ತಮ್ಮ ಮನೆ ಆಸರೆಯಾಗಬೇಕೆಂಬುದು ಅವರ ಬಯಕೆಯಾಗಿತ್ತು. ಮಗ ಅದನ್ನು ನಡೆಸಿಕೊಟ್ಟರು. ಆ ಪ್ರತಿಷ್ಠಾನಕ್ಕೆ ಆಂಡರ್ಸನ್‌ರ ಹೆಸರನ್ನೇ ಇಡಲಾಯಿತು. ಎಡ್ಡಿಗೂ ಆಂಡರ್ಸನ್‌ಗೂ ನಡುವೆ, ಉದ್ಧರಣ ಚಿಹ್ನೆಗಳೊಳಗೆ, ಅಲ್ಲೂ ರೋಚೆಸ್ಟರ್ ಇದ್ದಾನೆ.