ಹನ್ನೆರಡು ಗುಂಟೆ ಖರಾಬು

ಮಕ್ಕಳೇ, ಹೋದ ಭಾನುವಾರ ಬೆಂಗಳೂರಿನಿಂದ ಮೊಮ್ಮಗಳು ಫೋನ್ ಮಾಡಿದಳು. ಅವಳೀಗ ಆರನೇ ತರಗತಿ.

"ತಾತಾ, ಫೆಬ್ರವರಿ 2 ವಿಶ್ವ ಜೌಗು ಭೂಮಿ ದಿನವಂತೆ. ಅವರವರ ಊರಿನ ಜೌಗಿನ ಬಗ್ಗೆ ಒಂದು ಪುಟ ಬರೆದುಕೊಂಡು ಬನ್ನಿ ಅಂದಿದ್ದಾರೆ ಮಿಸ್ಸು. ನಮ್ಮೂರಲ್ಲಿ ಇದೆಯಾ?"

"ಅರ್ಧ ಇದೆ" ಅಂದೆ.

"ಇನ್ನರ್ಧ ಎಲ್ಲಿ ಹೋಯ್ತು?"

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಏಕೆಂದರೆ ಅದನ್ನು ಮುಚ್ಚಿಸಿದವನು ನಾನೇ. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳಿಬಿಡುತ್ತೇನೆ.

ತಿಪಟೂರಿನ ಬಳಿ ನಮ್ಮ ಹಿರಿಯರಿಂದ ಬಂದ ತೋಟವಿದೆ. ಪಹಣಿಯ ಪ್ರಕಾರ ಒಟ್ಟು 4 ಎಕರೆ 10 ಗುಂಟೆ, ಅದರಲ್ಲಿ 12 ಗುಂಟೆ ಖರಾಬು. ಖರಾಬು ಎಂದರೆ ಏನೆಂದು ಮನೆಯಲ್ಲಿರುವ ಅಜ್ಜನನ್ನು ಕೇಳಿ, ಹೇಳುತ್ತಾರೆ. ಉಳಲು ಬಾರದ, ಬೆಳೆ ತೆಗೆಯಲು ಆಗದ ನೆಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಾನು ಎಷ್ಟೋ ವರ್ಷ ಬೆಳೆಸಾಲದ ಅರ್ಜಿಗಳನ್ನು ನೋಡಿದವನು. ಪಹಣಿ ಕೈಗೆ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಲೆಕ್ಕ ಇದು: ಒಟ್ಟು ನೆಲದಲ್ಲಿ ಖರಾಬು ಕಳೆ, ಉಳಿದದ್ದಕ್ಕೆ ಸಾಲ ಕೊಡು. ಕಳೆದೂ ಕಳೆದೂ, ಖರಾಬು ಎಂದರೆ ಸೊನ್ನೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು.

ನಮ್ಮ 12 ಗುಂಟೆ ತೋಟದ ಮೇಲ್ಭಾಗದ ತಗ್ಗಿನಲ್ಲಿತ್ತು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಬೇಸಿಗೆಯಲ್ಲಿ ಕೆಸರು. ತುಂಬ ಜೊಂಡು. ಕಪ್ಪೆ, ಏಡಿ, ಬೆಳ್ಳಕ್ಕಿ, ನೀರುಕೋಳಿ. ನಿವೃತ್ತನಾಗಿ ಊರಿಗೆ ಬಂದಾಗ ಅಲ್ಲಿಯೂ ತೆಂಗು ಹಾಕಬೇಕು ಅನ್ನಿಸಿತು. ಊರಿನ ಹಳೆಯ ನೀರುಗಂಟಿ, ಆಗಲೇ ಎಂಬತ್ತು ದಾಟಿದವರು, ಬೇಲಿಯಾಚೆ ನಿಂತು ಹೇಳಿದರು: "ಬ್ಯಾಡ ಕಣಪ್ಪಾ. ಅದು ನೀರು ಮಲಗೋ ಜಾಗ."

ನಾನು ನಕ್ಕೆ. ಎಪ್ಪತ್ತು ಟ್ರ್ಯಾಕ್ಟರ್ ಮಣ್ಣು ಹೊಡೆಸಿದೆ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ಮಳೆಗಾಲದಲ್ಲಿ, ಮೇಲಿನ ದಿಬ್ಬದಿಂದ ಇಳಿದ ನೀರಿಗೆ ನಿಲ್ಲಲು ಜಾಗ ಸಿಗದೆ ಪಕ್ಕದ ಮನೆಯವರ ಕೊಟ್ಟಿಗೆಗೆ ನುಗ್ಗಿತು. ರಾತ್ರಿಯಲ್ಲಿ ಹಸು ಕರು ಬಿಚ್ಚಿ ಹೊರಗೆ ಕಟ್ಟಿದರು. ಮರುವರ್ಷದ ಮಾರ್ಚಿಯಲ್ಲಿ ನಮ್ಮ ಬಾವಿಯ ತಳ ಕಂಡಿತು. ನಮ್ಮ ತಂದೆಯ ಕಾಲದಲ್ಲೂ ಬತ್ತದ ಬಾವಿ ಅದು. ಜೌಗಿನಿಂದ ಐವತ್ತು ಹೆಜ್ಜೆ ಕೆಳಗಿತ್ತು, ಅಷ್ಟೇ. ಅದಕ್ಕೂ ಇದಕ್ಕೂ ಇದ್ದ ಸಂಬಂಧ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಜೌಗು ಮಾಡುತ್ತಿದ್ದ ಕೆಲಸವೇನು? ಓಡುವ ಮಳೆನೀರನ್ನು ಅದು ತಡೆದು ನಿಲ್ಲಿಸುತ್ತದೆ. ನಿಂತ ನೀರು ನಿಧಾನವಾಗಿ ನೆಲಕ್ಕೆ ಇಂಗಿ ಬಾವಿಗೆ ಸೇರುತ್ತದೆ. ನೀರಿನ ಜೊತೆ ಬಂದ ಹೂಳು ಅಲ್ಲೇ ತಂಗುವುದರಿಂದ ಕೆಳಗಿನ ಕೆರೆ ಬೇಗ ತುಂಬಿಹೋಗುವುದಿಲ್ಲ. ಹೊಲದಿಂದ ಹರಿದು ಬರುವ ಗೊಬ್ಬರದ ಸಾರಜನಕ, ರಂಜಕಗಳನ್ನು ಜೊಂಡು ಹೀರಿಕೊಳ್ಳುತ್ತದೆ. ನೀರಿಗೆ ಸೋಸುವ ಬಟ್ಟೆ ಇದ್ದ ಹಾಗೆ. "ಸೊಳ್ಳೆ ಬರುತ್ತಲ್ಲ ತಾತಾ?" ಎಂದು ಮೊಮ್ಮಗಳು ಕೇಳಿದಳು. ಸೊಳ್ಳೆಯ ಮರಿಗಳನ್ನು ತಿನ್ನುವ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲವೂ ಒಳ್ಳೆಯ ಜೌಗಿನಲ್ಲಿ ಇರುತ್ತವೆ. ಚರಂಡಿ ನೀರು ಬಿಟ್ಟು ಅವನ್ನು ಕೊಂದರೆ ಆಮೇಲೆ ಸೊಳ್ಳೆಯದೇ ರಾಜ್ಯ.

ಜೌಗು ಎಂದರೆ ಕೆಸರುಗುಂಡಿ ಮಾತ್ರವಲ್ಲ. ಕೆರೆ, ಹಿನ್ನೀರು, ಅಳಿವೆ, ಕಾಂಡ್ಲಾ ಕಾಡು, ಭತ್ತದ ಗದ್ದೆ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಹಲವು ದೇಶಗಳು ಸೇರಿ, ಇಂಥ ಜಾಗಗಳನ್ನು ಕಾಪಾಡಲು ಒಪ್ಪಂದ ಮಾಡಿಕೊಂಡವು. ಅದಕ್ಕೇ ಆ ದಿನದ ಆಚರಣೆ. ಭಾರತ 1982ರಲ್ಲಿ ಸೇರಿತು. ನಮ್ಮ ರಾಜ್ಯದಿಂದ ಆ ಪಟ್ಟಿಗೆ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆ ಸೇರಿದವು.

ಇದು ಬೆಂಗಳೂರಿನ ಬಳಿಯ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. ನಾನು ಎರಡು ವರ್ಷ ಲಕ್ಷ್ಮೇಶ್ವರದಲ್ಲಿ ಕೆಲಸಕ್ಕಿದ್ದಾಗ ಅಲ್ಲಿಗೆ ಸೈಕಲ್ಲಿನಲ್ಲಿ ಹೋಗಿ ನೋಡಿದ್ದೇನೆ. ಹೊಲಗಳಿಗೆ ನೀರುಣಿಸಲು ಜನರೇ ಕಟ್ಟಿಕೊಂಡ, ಸುಮಾರು 50 ಹೆಕ್ಟೇರಿನ ಕೆರೆ. ಚಳಿಗಾಲ ಬಂತೆಂದರೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಅಲ್ಲಿಗೆ ಬರುತ್ತವೆ. ಈಗ ಸುಮಾರು 8,000 ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆಯಂತೆ. ಬಿಳಿ ತಲೆ, ಅದರ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ಮತ್ತೆ ನೀರಿಗೆ ಇಳಿಯುತ್ತಿದ್ದವು. "ನಿಮ್ಮ ಬೆಳೆ ಹಾಳಾಗುವುದಿಲ್ಲವೇ?" ಎಂದು ಒಬ್ಬ ರೈತರನ್ನು ಕೇಳಿದ್ದೆ. "ತಿಂತಾವ್ರೀ, ಹಂಗ ಗೊಬ್ಬರಾನೂ ಹಾಕ್ತಾವ. ದೂರದಿಂದ ಬಂದಾವ, ಓಡಸೂದು ಹೆಂಗ?" ಅಂದರು. ಸಾಲದ ಕಂತು ಕಟ್ಟಲು ಕಷ್ಟಪಡುತ್ತಿದ್ದ ಮನುಷ್ಯ ಅವರು. ಅಷ್ಟು ನೋಡಿ ಕೇಳಿ ಬಂದವನು, ಊರಿಗೆ ಬಂದು ನನ್ನ ಮನೆ ಬಾಗಿಲ ನೀರುಕೋಳಿಯ ಮೇಲೆ ಮಣ್ಣು ಸುರಿಸಿದೆ!

ನನ್ನಂಥವರು ಬಹಳ ಜನ. 1970ರಿಂದ 2015ರೊಳಗೆ ಪ್ರಪಂಚದ ಜೌಗು ಪ್ರದೇಶಗಳಲ್ಲಿ ಶೇಕಡಾ 35ರಷ್ಟು ಇಲ್ಲವಾದವು ಎಂದು ಅದೇ ಒಪ್ಪಂದದ ವರದಿ ಹೇಳುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಹಿಂದಿನ ಧರ್ಮಾಂಬುಧಿ ಕೆರೆಯಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಉಳಿದ ಕೆರೆಗಳಿಗೆ ಕೊಳಚೆ ಬಿಟ್ಟೆವು. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿಯೇ ಹತ್ತಿಕೊಂಡಿತು. ನೀರಿಗೆ ಬೆಂಕಿ! ನಮ್ಮಜ್ಜಿ ಹೇಳಿದ ಯಾವ ಕತೆಯಲ್ಲೂ ಇದು ಇರಲಿಲ್ಲ.

ಎರಡು ವರ್ಷದ ಹಿಂದೆ, ಹೆಂಡತಿಯ ಮಾತಿಗೆ ಒಪ್ಪಿ, ಸುರಿದ ಮಣ್ಣಿನಲ್ಲಿ ಅರ್ಧ ತೆಗೆಸಿದೆ. ಹೊಡೆಸಿದ್ದಕ್ಕಿಂತ ತೆಗೆಸುವುದಕ್ಕೇ ಹೆಚ್ಚು ಖರ್ಚಾಯಿತು. ಉಳಿದ ಅರ್ಧದಲ್ಲಿ ತೆಂಗಿನ ಗಿಡಗಳು ಎದ್ದಿವೆ, ಕೀಳಲು ಮನಸ್ಸು ಬರುತ್ತಿಲ್ಲ. ತೆಗೆದ ಕಡೆ ಜೊಂಡು ತಾನಾಗಿಯೇ ಬಂತು. ಹೋದ ಮಳೆಗಾಲದಲ್ಲಿ ಕಪ್ಪೆ ಕೂಗಿತು. ಬಾವಿ ಏಪ್ರಿಲ್‌ವರೆಗೆ ತಡೆಯಿತು, ಮೇ ತಿಂಗಳಲ್ಲಿ ಮತ್ತೆ ಬತ್ತಿತು. ನೀರುಕೋಳಿ ಇನ್ನೂ ಬಂದಿಲ್ಲ. ನೀರುಗಂಟಿಯವರಿಗೆ ತೋರಿಸೋಣವೆಂದರೆ ಅವರು ಈಗಿಲ್ಲ.

ಮೊಮ್ಮಗಳು ಎಲ್ಲ ಬರೆದುಕೊಂಡು, "ತಾತಾ, ನಿಮ್ಮದು ತಪ್ಪು ಅಂತಲೂ ಬರೆಯಲಾ?" ಎಂದು ಕೇಳಿದಳು. "ಬರಿ" ಅಂದೆ. ಮಿಸ್ಸು ಅದರ ಕೆಳಗೆ ಕೆಂಪು ಗೆರೆ ಎಳೆದು 'ಉತ್ತಮ' ಎಂದು ಹಾಕಿದ್ದಾರಂತೆ.

ಮಕ್ಕಳೇ, ಈ ವಾರದ ಕೆಲಸ: ನಿಮ್ಮೂರಿನಲ್ಲಿ ನೀರು ಮಲಗುವ ಜಾಗ ಎಲ್ಲಿದೆ, ಅದಕ್ಕೆ ಏನೆಂದು ಹೆಸರು, ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿ. ಅಜ್ಜ ಅಜ್ಜಿಯರೇ, ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿ. ಅಲ್ಲಿ ಈಗ ಮನೆಯೋ ಅಂಗಡಿಯೋ ಎದ್ದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.